ಶಿಕ್ಷಣ ನೀತಿ ಮತ್ತು ಶೈಕ್ಷಣಿಕ ನಾಯಕತ್ವದ ಸ್ನಾತಕೋತ್ತರ ಬೋಧನೆ: ಕರ್ನಾಟಕ ಹಾಗೂ ಕೊಪ್ಪಳ ಸೀಮೆ

ಸಾರ್ವಜನಿಕ ಶಿಕ್ಷಣದ ನೀತಿಗಳು ಹೇಗೆ ರೂಪುಗೊಳ್ಳುತ್ತವೆ, ಯಾರ ಹಣದಲ್ಲಿ ನಡೆಯುತ್ತವೆ, ಶಾಲೆಯ ಬಾಗಿಲು ಮುಟ್ಟುವಷ್ಟರಲ್ಲಿ ಹೇಗೆ ಬದಲಾಗುತ್ತವೆ, ಅವುಗಳನ್ನು ನಡೆಸಿಕೊಂಡು ಹೋಗುವವರಿಗೆ ಎಂಥ ತಿಳಿವಳಿಕೆ ಬೇಕು ಎಂಬುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸುವ ಅಧ್ಯಯನ ಶಾಖೆಯಿದು. ಶಿಕ್ಷಣಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಕಾನೂನು ಇಲ್ಲಿ ಒಂದೆಡೆ ಸೇರುತ್ತವೆ. ಪಾಠ ಹೇಳುವುದನ್ನು ಕಲಿಸುವ ಬಿ.ಇಡಿ. ಶಿಕ್ಷಣಕ್ಕಿಂತ ಇದು ಬೇರೆ. ಅಲ್ಲಿ ತರಗತಿ ಕೇಂದ್ರವಾದರೆ ಇಲ್ಲಿ ತರಗತಿಯನ್ನು ಸಾಧ್ಯವಾಗಿಸುವ ಇಡೀ ವ್ಯವಸ್ಥೆಯೇ ಅಧ್ಯಯನದ ವಸ್ತು. ಕರ್ನಾಟಕದಲ್ಲಿ ಈ ಬೋಧನೆ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ನೆಲೆ ಕಂಡಿದೆ. ಅದರ ಅಗತ್ಯ ತೀವ್ರವಾಗಿ ಕಾಣುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಲ್ಲಿ.

ಬೆಳೆದುಬಂದ ಬಗೆ

ಶಾಲಾ ಆಡಳಿತವನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸುವ ಪರಿಪಾಠ ಅಮೆರಿಕದಲ್ಲಿ ಮೊದಲು ಗಟ್ಟಿಯಾಯಿತು. ನ್ಯೂಯಾರ್ಕಿನ ಟೀಚರ್ಸ್ ಕಾಲೇಜು 1887ರಲ್ಲಿ, ಹಾರ್ವರ್ಡ್‌ನ ಶಿಕ್ಷಣ ಶಾಲೆ 1920ರಲ್ಲಿ ಆರಂಭವಾದವು. ಎರಡನೆಯ ಮಹಾಯುದ್ಧದ ನಂತರ ಸ್ವತಂತ್ರವಾದ ದೇಶಗಳಿಗೆ ಶಿಕ್ಷಣವನ್ನು ಯೋಜಿಸಬಲ್ಲ ಅಧಿಕಾರಿಗಳು ಬೇಕಾದರು. ಯುನೆಸ್ಕೊ 1963ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಶೈಕ್ಷಣಿಕ ಯೋಜನಾ ಸಂಸ್ಥೆಯನ್ನು ತೆರೆಯಿತು. ಅದಕ್ಕೂ ಒಂದು ವರ್ಷ ಮೊದಲೇ, 1962ರಲ್ಲಿ, ಯುನೆಸ್ಕೊ ನೆರವಿನಿಂದ ದೆಹಲಿಯಲ್ಲಿ ಏಷ್ಯಾ ಪ್ರಾದೇಶಿಕ ಕೇಂದ್ರವೊಂದು ಶುರುವಾಗಿತ್ತು. ಅದು ಮುಂದೆ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯಾಗಿ (ನೀಪಾ) ಬೆಳೆದು, 2006ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಮುಖ್ಯ ಶಿಕ್ಷಕರ ತರಬೇತಿಗೆಂದು 2012ರಲ್ಲಿ ಅಲ್ಲಿಯೇ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ತಲೆಯೆತ್ತಿತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2006ರಲ್ಲಿ ಪ್ರಾಥಮಿಕ ಶಿಕ್ಷಣದ ಎಂ.ಎ. ಆರಂಭಿಸಿತು.

ಭಾರತದ ಶಿಕ್ಷಣ ನೀತಿಯ ಚಿಂತನೆಗೆ ಅಡಿಪಾಯ ಹಾಕಿದವರಲ್ಲಿ ಜೆ.ಪಿ. ನಾಯಕ್ ಮುಖ್ಯರು. ಅವರು 1964–66ರ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದರು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂಬ, ಇಂದಿಗೂ ಪೂರ್ಣವಾಗಿ ಈಡೇರದ ಗುರಿ ಆ ಆಯೋಗದ್ದು. ದೆಹಲಿಯ ಕಡತಗಳಿಗೆ ಕೈ ಹಾಕುವ ಎಷ್ಟೋ ವರ್ಷ ಮೊದಲೇ ನಾಯಕ್ ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೈಲು ಕಂಡಿದ್ದರು. ಬಿಡುಗಡೆಯಾದ ಮೇಲೆ ಧಾರವಾಡ ಸಮೀಪದ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆಗೆ ನಿಂತರು. ಹಳ್ಳಿಯ ಬದುಕನ್ನು ಒಳಗಿನಿಂದ ಅರಿತವನು ನೀತಿಯನ್ನು ಬರೆದಾಗ ಅದಕ್ಕೆ ಬರುವ ತೂಕವೇ ಬೇರೆ ಎಂಬುದಕ್ಕೆ ಅವರ ಜೀವನ ಸಾಕ್ಷಿ.

ಕನ್ನಡ ನಾಡಿನಲ್ಲಿ ಈ ಪರಂಪರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಕರ್ನಾಟಕದಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರಿಗೆ ಅಂಟಿಕೊಂಡ ‘ಡೆಪ್ಯುಟಿ’ ಅವರ ಇಲಾಖೆಯ ಹುದ್ದೆಯೇ ಆಗಿತ್ತು. ಶಾಲಾ ತಪಾಸಣೆಯ ಅಧಿಕಾರವನ್ನು ಭಾಷೆಯೊಂದನ್ನು ಉಳಿಸುವ ಸಾಧನವಾಗಿ ಬಳಸಿದ ಅವರು, ಶೈಕ್ಷಣಿಕ ನಾಯಕತ್ವ ಎಂದರೇನು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಮೊದಲು ಉತ್ತರ ಕೊಟ್ಟವರಲ್ಲಿ ಒಬ್ಬರು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಶಾಸನ ತಂದು ಕಡ್ಡಾಯ ಶಿಕ್ಷಣದತ್ತ ಹೆಜ್ಜೆಯಿಟ್ಟಿತು.

ಕರ್ನಾಟಕದ ಸಂಸ್ಥೆಗಳು

ಕೇಂದ್ರ ಸರ್ಕಾರದ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಮೈಸೂರಿನಲ್ಲಿದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಶಿಕ್ಷಣದ ಹಣಕಾಸು ಮತ್ತು ಯೋಜನೆಗಳ ಸಂಶೋಧನೆಗೆ ಹೆಸರಾಗಿದೆ. ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸ್ ತೆರೆಯಿತು. ರಾಜ್ಯದ ಕಾಯ್ದೆಯ ಮೂಲಕ 2010ರಲ್ಲಿ ಅಸ್ತಿತ್ವಕ್ಕೆ ಬಂದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಮರುವರ್ಷದಿಂದ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳಲ್ಲಿ ಎಂ.ಎ. ನಡೆಸುತ್ತಿದ್ದು, ಸರ್ಕಾರಿ ಶಾಲೆಗಳಲ್ಲಿನ ಕ್ಷೇತ್ರಕಾರ್ಯವನ್ನು ಕಲಿಕೆಯ ಭಾಗವನ್ನಾಗಿಸಿದೆ.

ವಿಶ್ವವಿದ್ಯಾಲಯಗಳ ಎಂ.ಇಡಿ. ಕೋರ್ಸ್ ಈ ಬೋಧನೆಯ ಇನ್ನೊಂದು ದಾರಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಅದು ಎರಡು ವರ್ಷದ್ದಾಗಿದ್ದು, ನೀತಿ, ಯೋಜನೆ ಮತ್ತು ಆಡಳಿತಕ್ಕೆ ಅದರಲ್ಲಿ ಜಾಗ ದೊರೆತಿದೆ. ಕರ್ನಾಟಕ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳು ಉತ್ತರ ಕರ್ನಾಟಕದವರಿಗೆ ಹತ್ತಿರದವು. ಸೇವೆಯಲ್ಲಿರುವ ಅಧಿಕಾರಿಗಳಿಗೆ ಮತ್ತು ಮುಖ್ಯ ಶಿಕ್ಷಕರಿಗೆ ಧಾರವಾಡದಲ್ಲಿರುವ ರಾಜ್ಯಮಟ್ಟದ ಶೈಕ್ಷಣಿಕ ನಿರ್ವಹಣಾ ಸಂಸ್ಥೆ ತರಬೇತಿ ಕೊಡುತ್ತದೆ. ಜಿಲ್ಲಾ ಮಟ್ಟದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳಿವೆ. ಕೊಪ್ಪಳ ಜಿಲ್ಲೆಯ ಡಯಟ್ ಇರುವುದು ಮುನಿರಾಬಾದಿನಲ್ಲಿ, ಗಿಣಿಗೇರಾದಿಂದ ಹೊಸಪೇಟೆಯತ್ತ ಹೊರಟರೆ ಸಿಗುವ ತುಂಗಭದ್ರಾ ಅಣೆಕಟ್ಟಿನ ಊರಿನಲ್ಲಿ.

ಪಠ್ಯವಿಷಯ

ಈ ಕೋರ್ಸ್‌ಗಳ ಪಠ್ಯ ಸಾಮಾನ್ಯವಾಗಿ ನಾಲ್ಕು ಕವಲಾಗಿ ಹರಡಿದೆ. ಮೊದಲನೆಯದು ಕಾನೂನು ಮತ್ತು ಸಂವಿಧಾನ. ಶಿಕ್ಷಣವು 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಸೇರಿದ್ದು, 1983ರ ಕರ್ನಾಟಕ ಶಿಕ್ಷಣ ಕಾಯ್ದೆ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಮಾತೃಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ನೀಡಿದ ತೀರ್ಪು ಇದರಲ್ಲಿ ಬರುತ್ತವೆ. ಎರಡನೆಯದು ಹಣಕಾಸು: ಬಜೆಟ್ ಓದುವುದು, ಕೇಂದ್ರ ಮತ್ತು ರಾಜ್ಯಗಳ ಪಾಲು ಲೆಕ್ಕ ಹಾಕುವುದು, ಬಿಡುಗಡೆಯಾದ ಹಣಕ್ಕೂ ಖರ್ಚಾದ ಹಣಕ್ಕೂ ಇರುವ ಅಂತರ ಹುಡುಕುವುದು. ಮೂರನೆಯದು ಕಾರ್ಯಕ್ರಮಗಳ ಇತಿಹಾಸ. ವಿಶ್ವಬ್ಯಾಂಕ್ ನೆರವಿನ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಹಂತಕ್ಕೆ 1994ರಲ್ಲಿ ಆಯ್ಕೆಯಾದ ರಾಜ್ಯದ ಜಿಲ್ಲೆಗಳಲ್ಲಿ, ಆಗ ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಒಂದು. ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಬೋಧನಾ ವಿಧಾನ 2009–10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಶಿಕ್ಷಕರೇ ರೂಪಿಸಿದ ಒಂದು ವಿಧಾನ ಆದೇಶದ ಮೂಲಕ ಎಲ್ಲೆಡೆ ಹರಡಿದಾಗ ಪಡೆದದ್ದೇನು, ಕಳೆದುಕೊಂಡದ್ದೇನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಾಲ್ಕನೆಯದು ಮಾಪನ ಮತ್ತು ಮೌಲ್ಯಮಾಪನ. ಅಂಕಿಅಂಶ ಓದುವ ಶಿಸ್ತು ಇಲ್ಲಿ ಬರಬೇಕು. ಎಸ್‌ಎಸ್‌ಎಲ್‌ಸಿ ತೇರ್ಗಡೆ ಪ್ರಮಾಣ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೆಂದು ಅದರ ಅರ್ಥವಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಅಷ್ಟಕ್ಕೇ ನಿಂತಿತು. ಯಾವ ಅಂಕಿ ಕಲಿಕೆಯನ್ನು ಅಳೆಯುತ್ತದೆ, ಯಾವುದು ಪರೀಕ್ಷೆ ನಡೆಸುವ ರೀತಿಯನ್ನು ಅಳೆಯುತ್ತದೆ ಎಂದು ಬೇರ್ಪಡಿಸಿ ನೋಡಲಾಗದವರು ನೀತಿಯ ಬಗ್ಗೆ ಸಲಹೆ ಕೊಡುವಂತಿಲ್ಲ.

ಕೊಪ್ಪಳ ಸೀಮೆ: ಅಧ್ಯಯನ ಕ್ಷೇತ್ರವಾಗಿ

ಕೊಪ್ಪಳ ಜಿಲ್ಲೆ 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟಿತು. ಅದಕ್ಕೂ ದಶಕಗಳ ಹಿಂದೆ, ಸ್ವಾತಂತ್ರ್ಯಕ್ಕೆ ಮುಂಚೆ, ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಾಗೀರಾಗಿದ್ದವು. ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಕನ್ನಡ ಮಕ್ಕಳಿಗೆ ಅವರ ನುಡಿಯಲ್ಲೇ ಓದಿಸುವ ಹೊಣೆ ಹೊತ್ತವು ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನ ಹಮ್‌ದರ್ದ್ ಶಾಲೆ, ಕುಕನೂರಿನ ವಿದ್ಯಾನಂದ ಗುರುಕುಲಗಳಂಥ ಖಾಸಗಿ ಪ್ರಯತ್ನಗಳು. ಮೈಸೂರು ಭಾಗದಲ್ಲಿ ಶಾಲೆ ಸರ್ಕಾರದ ಕೆಲಸವಾಗಿದ್ದ ಕಾಲದಲ್ಲಿ ಇಲ್ಲಿ ಅದು ಜನರ ಹೋರಾಟವಾಗಿತ್ತು. ಕೊಪ್ಪಳದ ಗವಿಮಠ ನಡೆಸಿಕೊಂಡು ಬಂದಿರುವ ಶಿಕ್ಷಣ ಸಂಸ್ಥೆಗಳು ಮತ್ತು ವಿದ್ಯಾರ್ಥಿ ಪ್ರಸಾದ ನಿಲಯಗಳನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು.

ಆ ಹಿಂದುಳಿಕೆ ಅಂಕಿಗಳಲ್ಲಿ ಉಳಿದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 68.09, ರಾಜ್ಯದ್ದು ಶೇ 75.36. ಮಹಿಳೆಯರಲ್ಲಿ ಅಂತರ ಇನ್ನೂ ಹೆಚ್ಚು: ಜಿಲ್ಲೆಯಲ್ಲಿ ಶೇ 57.55, ರಾಜ್ಯದಲ್ಲಿ ಶೇ 68.08. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿದವು. ಕುಷ್ಟಗಿ ಮತ್ತು ಯಲಬುರ್ಗಾ ಆ ಪಟ್ಟಿಯಲ್ಲಿದ್ದವು.

ಒಂದೇ ಜಿಲ್ಲೆಯೊಳಗೆ ಬೇರೆ ಬೇರೆ ಲೋಕಗಳಿರುವುದು ನೀತಿಯ ವಿದ್ಯಾರ್ಥಿಗೆ ದೊಡ್ಡ ಪಾಠ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ತೆಲುಗು ಮನೆಮಾತು. ಕುಷ್ಟಗಿ, ಯಲಬುರ್ಗಾಗಳು ಮಳೆ ನಂಬಿದ ಒಣನೆಲ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರು, ಗೋವಾ, ಮಂಗಳೂರು ಎಂದು ಗುಳೆ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರುತ್ತದೆ, ಮಗು ಇರುವುದಿಲ್ಲ. ದಾಖಲಾತಿ ನೂರಕ್ಕೆ ನೂರು ಎನ್ನುವ ವರದಿ ಇಂಥ ಊರಿನಲ್ಲಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಗಿಣಿಗೇರಾ ಇವೆರಡಕ್ಕೂ ಸೇರದ ಮೂರನೆಯ ಬಗೆ. ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗದ ನಿಲ್ದಾಣವೂ ಮಹಬೂಬ್‌ನಗರದತ್ತ ಹೋಗುವ ಹೊಸ ಮಾರ್ಗದ ಕವಲೂ ಆಗಿರುವ ಈ ಊರಿನ ಸುತ್ತ ಉಕ್ಕಿನ ಕಾರ್ಖಾನೆಗಳು ಬೆಳೆದಿವೆ. ಹೊಲ ಬಿಟ್ಟು ಪಾಳಿ ಕೆಲಸಕ್ಕೆ ಹೋದ ತಂದೆ-ತಾಯಿ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಯಾವ ಹೊತ್ತಿನಲ್ಲಿ ಬರಬಲ್ಲರು, ಕಾರ್ಮಿಕರ ಮಕ್ಕಳ ಮನೆಮಾತು ಯಾವುದು, ಊರಿನ ಶಾಲೆ ಆ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ ಸಿಗುವಷ್ಟು ಓದಿಸುತ್ತಿದೆಯೇ ಎಂಬ ಪ್ರಶ್ನೆಗಳನ್ನು ಇಲ್ಲಿ ನಿಂತೇ ಕೇಳಬೇಕು.

ಒಂದು ಪ್ರಕರಣ: ಬಿಸಿಯೂಟದ ಮೊಟ್ಟೆ

ನೀತಿ ಹುಟ್ಟುವುದರಿಂದ ಹಿಡಿದು ತಟ್ಟೆ ಸೇರುವವರೆಗಿನ ದಾರಿಯನ್ನು ತೋರಿಸಲು ಈ ಸೀಮೆಯಲ್ಲೇ ನಡೆದ ಒಂದು ಪ್ರಕರಣ ಸಾಕು. ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲಾದದ್ದು ಕೊಪ್ಪಳ ಸೇರಿದ ಈಶಾನ್ಯದ ಜಿಲ್ಲೆಗಳಲ್ಲಿ. ಅಪೌಷ್ಟಿಕತೆ ಹೆಚ್ಚಿರುವ ಕೊಪ್ಪಳ, ರಾಯಚೂರು, ಯಾದಗಿರಿ ಮೊದಲಾದ ಜಿಲ್ಲೆಗಳ ಮಕ್ಕಳಿಗೆ 2021ರ ಡಿಸೆಂಬರ್‌ನಿಂದ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ನಿರ್ಧರಿಸಿತು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ವಿದ್ಯಾರ್ಥಿನಿಯೊಬ್ಬಳು ಪ್ರತಿಭಟನೆಯಲ್ಲಿ ನಿಂತು, ಮೊಟ್ಟೆ ನಮಗೆ ಬೇಕು, ಬಡವರ ಮಕ್ಕಳ ಊಟದ ಬಗ್ಗೆ ತೀರ್ಮಾನಿಸುವವರು ನೀವ್ಯಾರು ಎಂಬ ಅರ್ಥದಲ್ಲಿ ಕೇಳಿದಳು. ಆ ದೃಶ್ಯ ರಾಜ್ಯದ ಮನೆಮನೆಗೆ ತಲುಪಿತು. ಯಾರಿಗಾಗಿ ನೀತಿಯೋ ಅವರೇ ಮಾತನಾಡಿದ ಅಪರೂಪದ ಗಳಿಗೆಯದು.

ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಕೊಡದ ಗದಗದ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ಮಾಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ಮುಂದೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚು ನೆರವು ಒಪ್ಪಿಕೊಂಡ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ವಾರದ ಆರೂ ದಿನ ಕೊಡುವ ವ್ಯವಸ್ಥೆಯಾಯಿತು.

ಇಷ್ಟು ಹೇಳಿದರೆ ಪ್ರಕರಣದ ಅರ್ಧ ಮಾತ್ರ. ಉಳಿದರ್ಧ ಶಾಲೆಯ ಅಡುಗೆ ಕೋಣೆಯಲ್ಲಿದೆ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದು ಮೊಟ್ಟೆಗೆ ಸರ್ಕಾರ ನಿಗದಿ ಮಾಡಿದ್ದು 6 ರೂಪಾಯಿ. ಮಾರುಕಟ್ಟೆಯ ದರ ಅದನ್ನು ಮೀರಿದಾಗ ಕೊರತೆ ತುಂಬುವ ಭಾರ ಮುಖ್ಯ ಶಿಕ್ಷಕರ ಮೇಲೆ ಬಿತ್ತು. ಮಕ್ಕಳ ಲೆಕ್ಕ, ಅಂಗಡಿಯ ರಸೀದಿ, ಬಾಳೆಹಣ್ಣು ಬೇಡಿದವರ ಪಟ್ಟಿ, ಅಡುಗೆ ಸಿಬ್ಬಂದಿಯ ದೂರು, ಎಲ್ಲವೂ ಅವರ ಮೇಜಿನ ಮೇಲೆ. ಇದೇ ಹೊತ್ತಿನಲ್ಲಿ ಅವರು ತರಗತಿಗೂ ಹೋಗಬೇಕು. ಬೆಂಗಳೂರಿನಲ್ಲಿ ಒಂದು ಸಾಲಿನ ಆದೇಶವಾಗಿದ್ದದ್ದು ಹಳ್ಳಿಯಲ್ಲಿ ದಿನಕ್ಕೊಂದು ನಿರ್ವಹಣೆಯ ಸಮಸ್ಯೆಯಾಗುತ್ತದೆ. ಸಾಕ್ಷ್ಯ, ರಾಜಕೀಯ, ಹಣ, ಧರ್ಮ, ಜಾರಿ, ಮಕ್ಕಳ ದನಿ: ನೀತಿ ಅಧ್ಯಯನದ ಅಧ್ಯಾಯಗಳೆಲ್ಲ ಈ ಒಂದು ಪ್ರಕರಣದಲ್ಲಿವೆ.

ಪ್ರಾದೇಶಿಕ ನ್ಯಾಯ ಮತ್ತು 371ಜೆ

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿಯು ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಸ್ಥಳೀಯರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ತಂದಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳಿವೆ. 2019ರಲ್ಲಿ ಈ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಮಂಡಳಿಯ ಅನುದಾನದ ಒಂದು ಪಾಲು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹರಿಯುತ್ತಿದೆ. ಅಕ್ಷರ ಫೌಂಡೇಷನ್ನಿನ ಗಣಿತ ಕಲಿಕಾ ಆಂದೋಲನ ಮಂಡಳಿಯ ನೆರವಿನಿಂದಲೇ ಈ ಭಾಗದ ಶಾಲೆಗಳನ್ನು ಮುಟ್ಟಿತು. ಕೊಠಡಿ ಕಟ್ಟಲು ಹಣ ಸುಲಭವಾಗಿ ಸಿಗುತ್ತದೆ, ಕಾಯಂ ಶಿಕ್ಷಕ ಸಿಗುವುದು ಕಷ್ಟ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. ಪ್ರಾದೇಶಿಕ ನ್ಯಾಯವನ್ನು ಕಟ್ಟಡದಿಂದ ಅಳೆಯಬೇಕೋ, ಕಲಿಕೆಯಿಂದ ಅಳೆಯಬೇಕೋ ಎಂಬುದು ಈ ಪಾಠದ ತಿರುಳು.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಕೊಪ್ಪಳ ವಿಶ್ವವಿದ್ಯಾಲಯ 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಆರಂಭವಾಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಹಣದ ಕೊರತೆಯ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಕೊಪ್ಪಳದ ಹೆಸರೂ ಅದರಲ್ಲಿತ್ತು. ಹಿಂದುಳಿದ ಜಿಲ್ಲೆಯ ಉನ್ನತ ಶಿಕ್ಷಣದ ನೀತಿಯೇ ಹೀಗೆ ತೂಗುಯ್ಯಾಲೆಯಲ್ಲಿದ್ದರೆ ಅಲ್ಲಿ ನೀತಿಯನ್ನು ಕಲಿಸುವ ವಿಭಾಗ ಬೇರೂರುವುದು ಹೇಗೆ?

ನಾಯಕತ್ವದ ಬೋಧನೆ

ಸರ್ಕಾರಿ ಆದೇಶ ಆಯುಕ್ತರಿಂದ ಕಲಬುರಗಿಯ ಅಪರ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ), ಕೊನೆಗೆ ಮುಖ್ಯ ಶಿಕ್ಷಕರಿಗೆ ಇಳಿಯುತ್ತದೆ. ಸುತ್ತೋಲೆ ಕೆಳಗಿಳಿಯುವಷ್ಟು ಸಲೀಸಾಗಿ ಅನುಭವ ಮೇಲಕ್ಕೆ ಹತ್ತುವುದಿಲ್ಲ. ಬಿಇಒ ಎಂಬ ಹುದ್ದೆ ಈ ಸರಪಳಿಯ ನಡುಗೊಂಡಿ. ಶಾಲೆಯನ್ನು ಬಲ್ಲ, ಕಡತವನ್ನೂ ಬಲ್ಲ ಅಧಿಕಾರಿ ಇದ್ದರೆ ತಾಲ್ಲೂಕಿನ ಚಹರೆ ಬದಲಾಗುತ್ತದೆ. ಆದ್ದರಿಂದ ನಾಯಕತ್ವದ ಕೋರ್ಸ್ ಭಾಷಣ ಕಲೆಯನ್ನೋ ವ್ಯಕ್ತಿತ್ವ ವಿಕಸನವನ್ನೋ ಕಲಿಸಿದರೆ ಸಾಲದು. ತರಗತಿ ವೀಕ್ಷಿಸಿ ಶಿಕ್ಷಕರಿಗೆ ಉಪಯುಕ್ತ ಸಲಹೆ ಕೊಡುವುದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಸಹಿಗಷ್ಟೇ ಸೀಮಿತವಾಗದಂತೆ ನಡೆಸುವುದು, ಶಾಲಾ ಅಂಕಿಅಂಶಗಳ ಸಂಗ್ರಹವಾದ ಯು-ಡೈಸ್‌ನ ಮಾಹಿತಿಯನ್ನು ಊರಿನ ವಾಸ್ತವಕ್ಕೆ ತಾಳೆ ನೋಡುವುದು ಅದರ ನಿಜವಾದ ಕೌಶಲಗಳು.

ಈ ಸಮಿತಿಗಳನ್ನು ರಾಜ್ಯ 2001ರ ಏಪ್ರಿಲ್‌ನ ಆದೇಶದಿಂದ ರಚಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಾಯಕತ್ವ ಎಂಬುದು ಕುರ್ಚಿಯಲ್ಲಿ ಕೂತವರದಷ್ಟೇ ಅಲ್ಲ ಎನ್ನುವುದನ್ನು ಕಾಯ್ದೆಯೇ ಒಪ್ಪಿಕೊಂಡಿದೆ.

ಕೊರತೆಗಳು ಮತ್ತು ಮುಂದಿನ ದಾರಿ

ಮೊದಲ ಕೊರತೆ ಭಾಷೆಯದು. ಶಿಕ್ಷಣ ನೀತಿಯ ಸಂಶೋಧನಾ ಸಾಹಿತ್ಯ ಬಹುಪಾಲು ಇಂಗ್ಲಿಷ್‌ನಲ್ಲಿದೆ. ಅದನ್ನು ಜಾರಿಗೆ ತರುವ ಮುಖ್ಯ ಶಿಕ್ಷಕರು, ಸಿಆರ್‌ಪಿಗಳು, ಪಂಚಾಯಿತಿ ಸದಸ್ಯರು ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಕೆಲಸ ಮಾಡುತ್ತಾರೆ. ಎರಡನೆಯದು ದೂರ. ಕುಷ್ಟಗಿಯ ಶಿಕ್ಷಕಿಯೊಬ್ಬರು ಸಂಸಾರ, ಸಂಬಳ ಬಿಟ್ಟು ಎರಡು ವರ್ಷ ಬೆಂಗಳೂರಿನಲ್ಲಿ ಓದುವುದು ಸುಲಭವಲ್ಲ. ಮೂರನೆಯದು ನೀತಿಯ ಅಸ್ಥಿರತೆ. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಪದವಿ ಹಂತದಲ್ಲಿ 2021ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟದ್ದೂ ಕರ್ನಾಟಕವೇ. 2023ರಲ್ಲಿ ರಚನೆಯಾದ ಪ್ರೊ. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ, ದ್ವಿಭಾಷಾ ಸೂತ್ರವನ್ನೂ ಐದನೆಯ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ಶಿಫಾರಸು ಮಾಡಿದೆ. ಸರ್ಕಾರ ಬದಲಾದಾಗಲೆಲ್ಲ ನೀತಿ ಬದಲಾದರೆ ಅದರ ಬೆಲೆ ತೆರುವವರು ಆ ವರ್ಷ ಆ ತರಗತಿಯಲ್ಲಿ ಕೂತ ಮಕ್ಕಳು.

ಇವಕ್ಕೆ ಪರಿಹಾರ ಕೈಗೆಟಕದ ದೂರದಲ್ಲಿಲ್ಲ. ಕೊಪ್ಪಳ ವಿಶ್ವವಿದ್ಯಾಲಯ, ಮುನಿರಾಬಾದಿನ ಡಯಟ್, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಕೈಜೋಡಿಸಿದರೆ ಸೇವೆಯಲ್ಲಿರುವ ಶಿಕ್ಷಕರಿಗೆ ಕನ್ನಡದಲ್ಲೇ ಶಿಕ್ಷಣ ನೀತಿಯ ಸ್ನಾತಕೋತ್ತರ ಕೋರ್ಸ್ ನಡೆಸಬಹುದು. ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿ ಕೊಠಡಿಗಳ ಜೊತೆಗೆ ಅದಕ್ಕೂ ಹಣ ಕೊಡಬಹುದು. ಗಿಣಿಗೇರಾ, ಕುಷ್ಟಗಿ, ಗಂಗಾವತಿಗಳ ಶಾಲೆಗಳು ಅದರ ಪ್ರಯೋಗಶಾಲೆಯಾಗಬಹುದು. ಈ ಸೀಮೆಗೆ ಬೇಕಾದ ಶಿಕ್ಷಣ ನೀತಿಯನ್ನು ಬರೆಯಬಲ್ಲವರು ಈ ಸೀಮೆಯ ಶಾಲೆಗಳಲ್ಲೇ ಇದ್ದಾರೆ. ಅವರಿಗೆ ಓದುವ ಅವಕಾಶವನ್ನೂ ತೀರ್ಮಾನಿಸುವ ಸ್ಥಾನವನ್ನೂ ಕೊಡುವುದು ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ಹೊಣೆ.